ಟ್ಯಾವಿಸ್ಟಾಕ್: ಒಂದು ಕಿರು ಪೌರಸಂಸ್ಥೆ

ಅಮೆರಿಕದ ಫಿಲಡೆಲ್ಫಿಯಾ ನಗರದ ಹೊರವಲಯದಲ್ಲಿ, ನ್ಯೂಜೆರ್ಸಿ ಸಂಸ್ಥಾನದ ಕ್ಯಾಮ್ಡನ್ ಕೌಂಟಿಗೆ ಸೇರಿದ ಟ್ಯಾವಿಸ್ಟಾಕ್ ಎಂಬ ‘ಬರೋ’ ಇದೆ. ನೆರೆಯ ಹ್ಯಾಡನ್‌ಫೀಲ್ಡಿನಲ್ಲಿ ಭಾನುವಾರದಂದು ಗಾಲ್ಫ್ ಆಟಕ್ಕೆ ನಿಷೇಧವಿದ್ದುದರಿಂದ, ಗಾಲ್ಫ್ ಸಂಘದವರು 1921ರಲ್ಲಿ ಈ ಪೌರಸಂಸ್ಥೆಯನ್ನೇ ಬೇರೆಯಾಗಿ ಪಡೆದುಕೊಂಡರು. ಈ ಸಂಗತಿ ನಮಗೆ ಮೊದಲು ನಗೆ ತರಿಸಿತೆಂಬುದನ್ನು ಮರೆಮಾಚಲಾರೆವು. 2010ರ ಜನಗಣತಿಯಲ್ಲಿ ಇಲ್ಲಿನ ನಿವಾಸಿಗಳು 5 ಮಂದಿ, 2020ರಲ್ಲಿ 9. ಆದರೂ 1911ರ ವಾಲ್ಷ್ ಕಾಯಿದೆಗನುಸಾರವಾಗಿ ಆಡಳಿತವು ಮೂವರು ಆಯುಕ್ತರ ಕೈಯಲ್ಲಿದೆ. ನಿಯಮಗಳನ್ನು ರಚಿಸುವವರೂ ಜಾರಿಗೊಳಿಸುವವರೂ ಅವರೇ, ಅವರಲ್ಲೊಬ್ಬರು ಮೇಯರು. ಆಳುವವರನ್ನು ಪ್ರಶ್ನಿಸಲು ಬೇರೆ ಪ್ರಜೆಗಳೇ ಸಾಲದಿರುವಲ್ಲಿ ಸ್ಥಳೀಯ ಸ್ವರಾಜ್ಯವೆಂಬ ಮಾತಿಗೆ ಅರ್ಥವೇನೆಂಬುದು ವಿಚಾರಾರ್ಹ. ಇದೇ ಕೌಂಟಿಯ ಮತ್ತೊಂದು ಗಾಲ್ಫ್ ಬರೋ ಆದ ಪೈನ್ ವ್ಯಾಲಿಯು 2022ರಲ್ಲಿ ನೆರೆಯ ಪೈನ್ ಹಿಲ್ಲಿನೊಡನೆ ವಿಲೀನವಾಯಿತು. ಟ್ಯಾವಿಸ್ಟಾಕ್ ಮಾತ್ರ ಪ್ರತ್ಯೇಕವಾಗಿಯೇ ಉಳಿದಿದೆ.