ಮೂರನೇ ಒಂದು ಉಸಿರು

ಬೋರ್ನಿಯೋ ಕಾಡಿನ ಬೇಟೆಗಾರರ ಊದುಗೊಳವೆ ಸುಮಾರು 2 ಮೀಟರ್ ಉದ್ದ. ಗಟ್ಟಿ ಮರವನ್ನು ಕಬ್ಬಿಣದ ಸರಳಿನಿಂದ ಉದ್ದಕ್ಕೂ ಕೊರೆದು ಮಾಡಿದ್ದು. ತೂತಿನ ಅಗಲ ಒಂದು ಸೆಂಟಿಮೀಟರ್ ಎಂದಿಟ್ಟುಕೊಂಡರೆ ಒಳಗೆ ಹಿಡಿಯುವ ಗಾಳಿ ಬರೀ 157 ಮಿಲಿಲೀಟರ್. ಸುಮ್ಮನೆ ಕೂತಾಗ ನಾವು ಎಳೆದು ಬಿಡುವ ಒಂದು ಉಸಿರೇ 500 ಮಿಲಿಲೀಟರ್! ಮರದ ತುದಿಯ ಮಂಗವನ್ನು ಉರುಳಿಸಲು ಅದರ ಮೂರನೇ ಒಂದು ಪಾಲು ಸಾಕು.

ಗಟ್ಟಿಮುಟ್ಟಾದ ಎದೆ ಜೋರಾಗಿ ಊದಿದರೆ ಹುಟ್ಟುವ ಒತ್ತಡ ವಾತಾವರಣದ ಹತ್ತನೇ ಒಂದರಷ್ಟು. ಬಾಣದ ಬೆನ್ನಿಗೆ ಬೀಳುವ ಬಲ ಒಂದು ದಪ್ಪ ನಿಂಬೆಹಣ್ಣಿನ ಭಾರ, ಸುಮಾರು 80 ಗ್ರಾಂ. ಆದರೆ ಬಾಣ 1 ಗ್ರಾಂ ತೂಗಿದರೆ, ಆ ಬಲ 2 ಮೀಟರ್ ಉದ್ದಕ್ಕೂ ಕೈಬಿಡದೆ ತಳ್ಳಿದರೆ, ಕೊಳವೆಯ ಬಾಯಿ ದಾಟುವಾಗ ವೇಗ ಗಂಟೆಗೆ 200 ಕಿಲೋಮೀಟರ್ ಮುಟ್ಟುತ್ತದೆ. ಇದು ಸೋರಿಕೆ, ಉಜ್ಜಾಟ ಎರಡನ್ನೂ ಮರೆತ ಲೆಕ್ಕ ಅನ್ನಿ. ಕಾಲುಭಾಗ ಕಳೆದರೂ ಹೆದ್ದಾರಿಯ ಕಾರುಗಳು ಹಿಂದೆಯೇ.

ಇಷ್ಟಾದರೂ ಕಡ್ಡಿ ಕಡ್ಡಿಯೇ. ಪ್ರಾಣ ತೆಗೆಯುವ ಕೆಲಸ ತುದಿಗೆ ಬಳಿದ ಮರದ ಹಾಲಿನದು. ರಕ್ತ ಸೇರಿದರೆ ಅದು ಹೃದಯವನ್ನೇ ನಿಲ್ಲಿಸುತ್ತದೆ. ಅದೇ ಮರ ನಮ್ಮ ಪಶ್ಚಿಮ ಘಟ್ಟದಲ್ಲೂ ಇದೆ, ಅಜ್ಜನಪಟ್ಟೆ. ನಮ್ಮವರು ಅದರ ತೊಗಟೆ ಬಡಿದು ಚೀಲ ಮಾಡಿಕೊಂಡರು!

ಬೆಂಕಿಗೆ ಊದುವವರಿಗೆ ಇಷ್ಟು ಅಗ್ಗದಲ್ಲಿ ಮುಗಿಯದು. ಚಿನ್ನ ಕರಗಲು 1064 ಡಿಗ್ರಿ ಸೆಲ್ಸಿಯಸ್ ಬೇಕು. ತಿದಿಯೇ ಇಲ್ಲದ ಇಂಕಾ ನಾಡಿನಲ್ಲಿ 8, 10, ಕೆಲವೊಮ್ಮೆ 12 ಜನ ತಾಮ್ರದ ಕೊಳವೆ ಹಿಡಿದು ಬೆಂಕಿಯ ಸುತ್ತ ನಡೆಯುತ್ತಾ ಊದುತ್ತಿದ್ದರೆಂದು ಇತಿಹಾಸಕಾರ ಗಾರ್ಸಿಲಾಸೊ 1609ರಲ್ಲಿ ಪ್ರಕಟವಾದ ಗ್ರಂಥದಲ್ಲಿ ಬರೆದ. ಅಕ್ಕಸಾಲಿಗನಿಗೆ ಅಷ್ಟು ಜನ ಬೇಡ, ಬೆಸುಗೆಯ ಜಾಗವೊಂದು ಕಾದರೆ ಆಯಿತು. ಕೆನ್ನೆಯಲ್ಲಿ ಗಾಳಿ ಕೂಡಿಟ್ಟು, ಮೂಗಿನಿಂದ ಉಸಿರೆಳೆಯುತ್ತಾ, ಉರಿ ಎಲ್ಲೂ ಕಡಿಯದಂತೆ ಊದುತ್ತಾನೆ.

ಈ ವಿದ್ಯೆಯನ್ನು 18ನೇ ಶತಮಾನದ ಸ್ವೀಡನ್ನಿನ ಖನಿಜತಜ್ಞರು ಪ್ರಯೋಗಾಲಯಕ್ಕೆ ತಂದರು. ಇದ್ದಿಲ ಗುಳಿಯಲ್ಲಿ ಚಿಟಿಕೆ ಅದಿರು, ಬಿಳಿಗಾರ, ದೀಪದ ಉರಿ, ಗೇಣುದ್ದದ ಕೊಳವೆ. ಸಾಮಾನೆಲ್ಲ ಒಂದು ಪೆಟ್ಟಿಗೆಯಲ್ಲಿ ಹಿಡಿಯುತ್ತಿತ್ತು. ಅವರಲ್ಲಿ ಯೋಹಾನ್ ಗಾನ್ ಎಂಬಾತ ಕಾಲು ಹಾಳೆ ಕಾಗದ ಸುಟ್ಟ ಬೂದಿಯಿಂದ ಕಣ್ಣಿಗೆ ಕಾಣುವ ತಾಮ್ರದ ಕಣ ತೆಗೆದು ತೋರಿಸಿದನೆಂದು ಅವನ ಗೆಳೆಯ ಬೆರ್ಸೀಲಿಯಸ್ ದಾಖಲಿಸಿದ್ದಾನೆ. ಕಾಗದದಲ್ಲಿ ತಾಮ್ರ!

ಜರ್ಮನಿಯ ಫ್ರೈಬರ್ಗ್‌ನ ಪ್ಲಾಟ್ನರ್ ಎಂಬಾತ ಈ ವಿದ್ಯೆಯಲ್ಲಿ ಇನ್ನೂ ಮುಂದೆ ಹೋದ. ಹೀಗೆ ಊದಿ ತೆಗೆದ 1 ಮಿಲಿಮೀಟರ್ ಅಗಲದ ಚಿನ್ನದ ಗುಂಡು 10 ಮಿಲಿಗ್ರಾಂ ತೂಗುತ್ತದೆ. ಅಗಲ 0.1 ಮಿಲಿಮೀಟರಿಗೆ ಇಳಿದರೆ ತೂಕ ಸಾವಿರದಲ್ಲೊಂದು ಪಾಲು, 0.01 ಮಿಲಿಗ್ರಾಂ. ಇಂಥ ಕಣಗಳಿಗೆ ಅವನು ತಕ್ಕಡಿಯನ್ನೇ ಬಿಟ್ಟ. ದಂತದ ಪಟ್ಟಿಯ ಮೇಲೆ ಒಂದು ತುದಿಯಲ್ಲಿ ಕೂಡುವ ಎರಡು ಗೆರೆ ಎಳೆದು, ಗುಂಡು ಎರಡಕ್ಕೂ ಸರಿಯಾಗಿ ತಾಗುವ ಜಾಗವನ್ನು ಭೂತಗನ್ನಡಿಯಲ್ಲಿ ನೋಡಿ ತೂಕ ಓದಿಕೊಳ್ಳುತ್ತಿದ್ದ.