ಕಾಲಿನ ಕೆಲಸ ಹೊತ್ತ ಹೆಗಲು

ಅಡಿಕೆ ಮರದಿಂದ ಬಿದ್ದೋ ರಸ್ತೆ ಅಪಘಾತದಲ್ಲೋ ಬೆನ್ನುಹುರಿಗೆ ಪೆಟ್ಟಾಗಿ ಕಾಲಿನ ಸ್ವಾಧೀನ ತಪ್ಪಿದರೆ, ಅವುಗಳ ದುಡಿಮೆಯೆಲ್ಲ ಹೆಗಲಿಗೆ ಬೀಳುತ್ತದೆ. ಗಾಲಿಕುರ್ಚಿ ತಳ್ಳಬೇಕು, ಮಂಚದಿಂದ ಕುರ್ಚಿಗೆ, ಕುರ್ಚಿಯಿಂದ ಕಮೋಡಿಗೆ ಕೈಯೂರಿ ಮೈಯೆತ್ತಿ ಸರಿಯಬೇಕು. ಭುಜದ ಕೀಲು ಎಲ್ಲ ದಿಕ್ಕಿಗೂ ತಿರುಗಬಲ್ಲದು, ಆದರೆ ಮೈಭಾರ ಹೊರಲು ಆದದ್ದಲ್ಲ. ಹಾಗಾಗಿ ಗಾಲಿಕುರ್ಚಿ ಬಳಸುವವರಲ್ಲಿ ಭುಜನೋವು ತೀರಾ ಸಾಮಾನ್ಯ. ನೋವೆಂದು ಕೈಗೆ ವಿಶ್ರಾಂತಿ ಕೊಟ್ಟರೆ ಓಡಾಟವೇ ನಿಲ್ಲುತ್ತದೆ.

ಬೆನ್ನುಹುರಿ ಗಾಯದ ನಂತರದ ನೋವು ಒಂದೇ ಬಗೆಯದಲ್ಲ. ಸ್ಪರ್ಶವೇ ತಿಳಿಯದ ಕಾಲಿನಲ್ಲೂ ಉರಿ, ಶಾಕ್ ಹೊಡೆದಂಥ ಸೆಳೆತ ಬರಬಹುದು. ಇದು ನರದ ನೋವು. ಗ್ಯಾಬಪೆಂಟಿನ್, ಪ್ರಿಗ್ಯಾಬಲಿನ್‌ನಂಥ ಮಾತ್ರೆಗಳು ಬೇಕಾಗುತ್ತವೆ, ವ್ಯಾಯಾಮ ಇಲ್ಲಿ ಜೊತೆಗಾರ ಮಾತ್ರ. ಭುಜದ್ದು ಕೀಲು, ಸ್ನಾಯುಗಳ ನೋವು. ಇಲ್ಲಿ ವ್ಯಾಯಾಮವೇ ಮುಖ್ಯ ಮದ್ದು.

ಕ್ಯಾಲಿಫೋರ್ನಿಯಾದ ರಾಂಚೊ ಲಾಸ್ ಅಮಿಗೋಸ್ ಪುನರ್ವಸತಿ ಕೇಂದ್ರದ ಸಂಶೋಧಕರು 2011ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಗಟ್ಟಿ ಆಧಾರ. ಭುಜನೋವಿದ್ದ 80 ಮಂದಿಯನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಮನೆಯಲ್ಲೇ ಮಾಡುವ 12 ವಾರಗಳ ವ್ಯಾಯಾಮ ಕಲಿಸಿದರು. ಕುರ್ಚಿ ತಳ್ಳುವ, ಮೈ ಸರಿಸುವ ಸರಿಯಾದ ಕ್ರಮವನ್ನೂ ಹೇಳಿಕೊಟ್ಟರು. ಅವರ ನೋವು ಮೊದಲಿದ್ದುದರ ಮೂರನೇ ಒಂದಂಶಕ್ಕೆ ಇಳಿಯಿತು. ಮಾಹಿತಿಯ ವಿಡಿಯೊ ಮಾತ್ರ ನೋಡಿದ ಇನ್ನೊಂದು ಗುಂಪಿನವರ ನೋವು ಇದ್ದ ಹಾಗೇ ಇತ್ತು.

ಇದರ ಹಿಂದಿನ ತರ್ಕ ಸರಳ. ಸದಾ ಮುಂದಕ್ಕೆ ತಳ್ಳುವುದರಿಂದ ಎದೆಯ ಸ್ನಾಯುಗಳು ಬಿಗಿಯುತ್ತವೆ, ಬೆನ್ನಿನ ಮೇಲ್ಭಾಗದವು ಸೋಲುತ್ತವೆ, ಭುಜ ಮುಂದಕ್ಕೆ ಬಾಗುತ್ತದೆ. ಆದ್ದರಿಂದ ಎದೆಯನ್ನು ಹಿಗ್ಗಿಸಬೇಕು. ರಬ್ಬರ್ ಪಟ್ಟಿ ಎಳೆದು ಹೆಗಲೆಲುಬಿನ ಸುತ್ತಲಿನ ಸ್ನಾಯುಗಳನ್ನು ಬಲಪಡಿಸಬೇಕು. ಚಕ್ರವನ್ನು ಪದೇಪದೇ ಚಿಕ್ಕದಾಗಿ ನೂಕದೆ ಉದ್ದಕ್ಕೆ, ನಯವಾಗಿ ತಳ್ಳಬೇಕು. ಮಂಚ ಮತ್ತು ಕುರ್ಚಿ ಒಂದೇ ಎತ್ತರದಲ್ಲಿದ್ದರೆ ಶ್ರಮ ಉಳಿಯುತ್ತದೆ.

ಎಚ್ಚರವೂ ಬೇಕು. ಎದೆಮಟ್ಟದಲ್ಲಿ ಅಥವಾ ಅದಕ್ಕೂ ಮೇಲೆ ಗಾಯವಾದವರಿಗೆ ಹಠಾತ್ ತಲೆನೋವು, ಮುಖದಲ್ಲಿ ಬೆವರು ಬಂದರೆ ಅದು ರಕ್ತದೊತ್ತಡ ಏರಿದ ಸೂಚನೆಯಿರಬಹುದು. ವ್ಯಾಯಾಮ ನಿಲ್ಲಿಸಿ, ನೇರ ಕೂರಿಸಿ, ಮೂತ್ರದ ನಳಿಕೆ ಕಟ್ಟಿಕೊಂಡಿದೆಯೇ ನೋಡಿ, ತಡಮಾಡದೆ ವೈದ್ಯರ ನೆರವು ಪಡೆಯಬೇಕು.

ನೋವು ಶುರುವಾದ ಮೇಲಲ್ಲ, ಗಾಲಿಕುರ್ಚಿ ಕೈಗೆ ಬಂದ ದಿನವೇ ಈ ಪಾಠ ಸಿಗಬೇಕು. ಆಸ್ಪತ್ರೆಯಿಂದ ಮನೆಗೆ ಕಳಿಸುವ ಚೀಟಿಯಲ್ಲಿ ಮಾತ್ರೆಗಳ ಪಕ್ಕದಲ್ಲೇ ಹೆಗಲಿನ ವ್ಯಾಯಾಮವನ್ನೂ ಬರೆದುಕೊಡಿ ಎಂದು ಮನೆಯವರು ಕೇಳಿ ಪಡೆಯಲಿ. ಆ ಹೆಗಲು ಗಟ್ಟಿಯಿದ್ದರೆ ಮಾತ್ರ ಗಾಲಿಕುರ್ಚಿಯಲ್ಲಿರುವವರು ಯಾರನ್ನೂ ಕಾಯದೆ ಅಂಗಳಕ್ಕೆ, ಅಂಗಡಿಗೆ, ಕೆಲಸಕ್ಕೆ ಹೋದಾರು.