ಪಾರ್ಸೆಲ್ ಊಟ: ತಿಂದ ಮೇಲೆ ಉಳಿಯುವುದೆಷ್ಟು?

ಗುರುವಾರ ರಾತ್ರಿಯಾಯಿತೆಂದರೆ ಮುಹರ್ರಕ್‌ನಲ್ಲಿರುವ ನಮ್ಮವರ ಬಹಳಷ್ಟು ಮನೆಗಳಲ್ಲಿ ಒಲೆಗೆ ರಜೆ. ಫೋನಿನ ಮೇಲೆ ನಾಲ್ಕು ಸಲ ಬೆರಳಾಡಿಸಿದರೆ ಸಾಕು, ಬಿರಿಯಾನಿಯೋ ಮಸಾಲೆದೋಸೆಯೋ ಬಾಗಿಲಿಗೇ ಬಂದು ನಿಲ್ಲುತ್ತದೆ. ನಾಲ್ಕು ಜನರ ಒಂದು ಸಾಧಾರಣ ಊಟವನ್ನೇ ಲೆಕ್ಕ ಹಾಕೋಣ. ಬಿರಿಯಾನಿಗೆ ನಾಲ್ಕು ಡಬ್ಬಿ, ನಾಲ್ಕು ಮುಚ್ಚಳ, ರಾಯಿತ ಮತ್ತು ಗ್ರೇವಿಗೆ ಎಂಟು ಪುಟ್ಟ ಬಟ್ಟಲು, ಅವಕ್ಕೆ ಎಂಟು ಮುಚ್ಚಳ, ನಾಲ್ಕು ಚಮಚ, ಇವನ್ನೆಲ್ಲ ಹೊರಲು ಎರಡು ಚೀಲ. ಉಪ್ಪಿನಕಾಯಿ, ಸಾಸ್ ಪೊಟ್ಟಣಗಳನ್ನು ಬಿಟ್ಟರೂ ಒಟ್ಟು 30 ವಸ್ತುಗಳು! ಇವುಗಳ ಉಪಯೋಗ ಹೆಚ್ಚೆಂದರೆ ಒಂದು ಗಂಟೆ. ಆಮೇಲೆ?

ಆಮೇಲೆ ಅವು ಸೇತುವೆ ದಾಟಿ ದಕ್ಷಿಣದ ಅಸ್ಕರ್‌ಗೆ ಹೋಗುತ್ತವೆ. ಬಹರೈನ್‌ನ ಮನೆಗಳ ಕಸ ಕೊನೆಗೆ ಸೇರುವ ಜಾಗ ಅದು. ಸುಮಾರು 800 ಚದರ ಕಿಲೋಮೀಟರ್ ವಿಸ್ತೀರ್ಣದ ದ್ವೀಪ ರಾಷ್ಟ್ರದಲ್ಲಿ, 15 ಲಕ್ಷ ಜನರ ನಡುವೆ, ಕಸಕ್ಕೆಂದು ಮತ್ತೊಂದು ಜಾಗ ಹುಡುಕುವುದು ಸುಲಭವಲ್ಲ. ಕೆಲವು ಡಬ್ಬಿಗಳು ಅಲ್ಲಿಯವರೆಗೂ ಹೋಗುವುದಿಲ್ಲ. ವಾಯವ್ಯದಿಂದ ಬೀಸುವ ಶಮಾಲ್ ಗಾಳಿಗೆ ತುಂಬಿದ ತೊಟ್ಟಿಯಿಂದ ಮೊದಲು ಹಾರುವುದೇ ಥರ್ಮೋಕೋಲ್ ಡಬ್ಬಿ. ಮುಹರ್ರಕ್‌ನಲ್ಲಿ ಯಾವ ದಿಕ್ಕಿಗೆ ಹಾರಿದರೂ ಸಮುದ್ರ ದೂರವಿಲ್ಲ. ನಾವು ಸಂಜೆ ವಾಯುವಿಹಾರಕ್ಕೆ ಹೋಗುವ ದೋಹತ್ ಅರಾದ್, ವಲಸೆ ಹಕ್ಕಿಗಳು ಬಂದಿಳಿಯುವ ಸಂರಕ್ಷಿತ ಕೊಲ್ಲಿ ಎಂಬುದನ್ನು ಇಲ್ಲಿ ನೆನಪಿಸಿದರೆ ತಪ್ಪಾಗಲಾರದು.

ಈ ಡಬ್ಬಿಗಳೆಲ್ಲ ಒಂದೇ ಜಾತಿಯವಲ್ಲ. ತಳದಲ್ಲಿ ತ್ರಿಕೋನದೊಳಗೆ ಒಂದು ಅಂಕಿ ಇರುತ್ತದೆ, ನೋಡಿ. 5 ಎಂದಿದ್ದರೆ ಪಾಲಿಪ್ರೊಪಿಲೀನ್. ಬಿಸಿ ತಡೆಯುತ್ತದೆ, ತೊಳೆದು ಮತ್ತೆ ಬಳಸಬಹುದು. 6 ಎಂದಿದ್ದರೆ ಪಾಲಿಸ್ಟೈರೀನ್. ಇದನ್ನೇ ಉಬ್ಬಿಸಿದರೆ ಥರ್ಮೋಕೋಲ್, ಅದರಲ್ಲಿ ನೂರಕ್ಕೆ 95 ಪಾಲಿಗಿಂತ ಹೆಚ್ಚು ಬರೀ ಗಾಳಿ! ತೂಕ ಇಲ್ಲದಿದ್ದರೂ ಜಾಗ ತಿನ್ನುತ್ತದೆ. ಸುಮಾರು 100 ಡಿಗ್ರಿಯಲ್ಲಿ ಮೆತ್ತಗಾಗುವ ಈ ವಸ್ತುವಿಗೆ ಆಗತಾನೆ ಬಾಣಲೆಯಿಂದ ತೆಗೆದ ಪದಾರ್ಥ ಹಾಕುವುದು ಜಾಣತನವಲ್ಲ. ಬಿಸಿಯಾದ, ಎಣ್ಣೆಯುಕ್ತ ಆಹಾರಕ್ಕೆ ಇದರಿಂದ ಸ್ಟೈರೀನ್ ಅತ್ಯಲ್ಪ ಪ್ರಮಾಣದಲ್ಲಿ ಸೇರಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2018ರಲ್ಲಿ ಸ್ಟೈರೀನನ್ನು 'ಬಹುಶಃ ಕ್ಯಾನ್ಸರ್‌ಕಾರಕ' ಎಂಬ ಪಟ್ಟಿಗೆ ಸೇರಿಸಿತು. ಒಂದು ಊಟದಿಂದ ಯಾರೂ ಹೆದರಬೇಕಿಲ್ಲ. ದಿನವೂ ಅದರಲ್ಲೇ ಉಣ್ಣುವವರು ಯೋಚಿಸಬೇಕು.

ಅಲ್ಯೂಮಿನಿಯಂ ಡಬ್ಬಿಯದು ಇನ್ನೊಂದು ಕಥೆ. ಹಳೆಯ ಅಲ್ಯೂಮಿನಿಯಂ ಕರಗಿಸಿ ಹೊಸದು ಮಾಡಲು, ಅದಿರಿನಿಂದ ತಯಾರಿಸುವ ಶಕ್ತಿಯ ಶೇಕಡಾ 5ರಷ್ಟು ಸಾಕು. ವಿಶ್ವದ ದೊಡ್ಡ ಅಲ್ಯೂಮಿನಿಯಂ ಕಾರ್ಖಾನೆಗಳಲ್ಲೊಂದಾದ 'ಅಲ್ಬಾ' ಇರುವುದೂ ಅದೇ ಅಸ್ಕರ್‌ನಲ್ಲಿ! ಒಂದು ಕಡೆ ಅಪಾರ ವಿದ್ಯುತ್ ಸುರಿದು ಲೋಹ ತಯಾರಿಸುತ್ತೇವೆ, ಅದೇ ಊರಿನ ಇನ್ನೊಂದು ಕಡೆ ಮಸಾಲೆ ಮೆತ್ತಿದ ಅದೇ ಲೋಹವನ್ನು ಮಣ್ಣಿಗೆ ಹಾಕುತ್ತೇವೆ.

ಕಾಗದದ ಲೋಟ ಒಳ್ಳೆಯದಲ್ಲವೇ ಎಂದು ಕೇಳುವವರಿದ್ದಾರೆ. ಕರಕ್ ಚಹಾ ಸೋರದಿರಲು ಅದರ ಒಳಗೆ ಪ್ಲಾಸ್ಟಿಕ್ಕಿನ ತೆಳು ಪದರ ಇರುತ್ತದೆ. ಹಾಗಾಗಿ ಅದು ಕಾಗದದ ರದ್ದಿಗೂ ಸಲ್ಲದು. ಜೋಳದ ಪಿಷ್ಟದಿಂದ ಮಾಡಿದ 'ಗೊಬ್ಬರವಾಗುವ' ಡಬ್ಬಿ ಕರಗಬೇಕಾದರೆ ಸುಮಾರು 60 ಡಿಗ್ರಿ ಬಿಸಿ ಕಾಯ್ದಿಡುವ ಗೊಬ್ಬರದ ಘಟಕ ಬೇಕು. ಅದಿಲ್ಲದೆ ನೆಲದಲ್ಲಿ ಹೂತರೆ ಅದೂ ಪ್ಲಾಸ್ಟಿಕ್ಕಿನಂತೆಯೇ ಬಿದ್ದಿರುತ್ತದೆ. ಹಸಿರು ಎಲೆಯ ಚಿತ್ರ ಮುದ್ರಿಸಿದ ಮಾತ್ರಕ್ಕೆ ಡಬ್ಬಿ ಬಾಳೆಎಲೆಯಾಗುವುದಿಲ್ಲ!

ಸರ್ಕಾರಗಳೂ ಸುಮ್ಮನೆ ಕೂತಿಲ್ಲ. ಬಹರೈನ್‌ನಲ್ಲಿ 2022ರ ಸೆಪ್ಟೆಂಬರ್‌ನಲ್ಲಿ 35 ಮೈಕ್ರಾನ್‌ಗಿಂತ ತೆಳುವಾದ, ಒಂದೇ ಸಲ ಬಳಸುವ ಪ್ಲಾಸ್ಟಿಕ್ ಚೀಲಗಳ ನಿಷೇಧ ಜಾರಿಗೆ ಬಂತು. ನಮ್ಮ ಕರ್ನಾಟಕ 2016ರ ಮಾರ್ಚ್‌ನಲ್ಲೇ ಚೀಲದ ಜೊತೆ ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚಗಳನ್ನೂ ನಿಷೇಧಿಸಿತ್ತು. (ಊರಿಗೆ ಹೋದಾಗ ಸಾಂಬಾರು ಈಗಲೂ ಪ್ಲಾಸ್ಟಿಕ್ ಕವರಿನಲ್ಲೇ ಸಿಗುತ್ತದೆ ಎನ್ನುವುದು ಬೇರೆ ಮಾತು.) ಜರ್ಮನಿ 2023ರ ಜನವರಿಯಿಂದ ಬೇರೆ ದಾರಿ ಹಿಡಿಯಿತು: ಪಾರ್ಸೆಲ್ ಕೊಡುವ ದೊಡ್ಡ ಹೋಟೆಲುಗಳು, ಮರಳಿ ಪಡೆದು ಮತ್ತೆ ಬಳಸುವ ಡಬ್ಬಿಯ ಆಯ್ಕೆಯನ್ನೂ ಗ್ರಾಹಕರ ಮುಂದಿಡಲೇಬೇಕು. ನಮ್ಮ ಅಭಿಪ್ರಾಯದಲ್ಲಿ ಸರಿಯಾದ ದಾರಿ ಇದೇ. ತೊಂದರೆ ಇರುವುದು ಡಬ್ಬಿಯ ವಸ್ತುವಿನಲ್ಲಿ ಅಲ್ಲ, ಹೋದ ಡಬ್ಬಿಗೆ ಹಿಂದಿರುಗುವ ದಾರಿ ಇಲ್ಲದಿರುವುದರಲ್ಲಿ.

ಇದು ನಮಗೆ ಹೊಸ ಪಾಠವೇನೂ ಅಲ್ಲ. ಮುಂಬಯಿಯ ಡಬ್ಬಾವಾಲಾಗಳು 1890ರಿಂದ ಇದನ್ನೇ ಮಾಡುತ್ತಿದ್ದಾರೆ. ಮಧ್ಯಾಹ್ನ ಹೋದ ಡಬ್ಬಿ ಸಂಜೆಗೆ ಅದೇ ಮನೆಗೆ ಮರಳುತ್ತದೆ. ನೆರೆಮನೆಯಿಂದ ಪಾಯಸ ಬಂದ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸಬಾರದು ಎಂದು ನಮ್ಮ ಅಜ್ಜಿಯಂದಿರು ಹೇಳುತ್ತಿದ್ದರು. ರಂಜಾನ್ ಸಂಜೆಗಳಲ್ಲಿ ಮುಹರ್ರಕ್‌ನ ಓಣಿಗಳಲ್ಲಿ ಹರೀಸ್ ತುಂಬಿದ ಬಟ್ಟಲು ಮನೆಯಿಂದ ಮನೆಗೆ ಓಡಾಡುವುದೂ ಇದೇ ಬಗೆಯ ಸಂಪ್ರದಾಯ.

ಆದರೆ ಒಂದು ಎಚ್ಚರಿಕೆ. ಗಟ್ಟಿ ಡಬ್ಬಿ ಕೊಂಡ ಮಾತ್ರಕ್ಕೆ ಪರಿಸರ ಉಳಿಯದು. ಅದನ್ನು ತಯಾರಿಸಲು ಹಗುರ ಡಬ್ಬಿಗಿಂತ ಎಷ್ಟೋ ಪಟ್ಟು ಹೆಚ್ಚು ವಸ್ತು, ಶಕ್ತಿ ಬೇಕು. ಹತ್ತಾರು ಸಲ, ಕೆಲವು ಲೆಕ್ಕದಲ್ಲಿ ನೂರಕ್ಕೂ ಹೆಚ್ಚು ಸಲ ಬಳಸಿದ ಮೇಲೆಯೇ ಲಾಭ ಎನ್ನುತ್ತದೆ ಬ್ರಿಟನ್ನಿನ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ಅಧ್ಯಯನ. ಹಾಗಾಗಿ ಹೊಸದನ್ನು ಕೊಳ್ಳುವ ಬದಲು ಅಡುಗೆಮನೆಯ ಅಟ್ಟದಲ್ಲಿರುವ ಹಳೆಯ ಸ್ಟೀಲ್ ಕ್ಯಾರಿಯರ್ ಇಳಿಸುವುದೇ ಲೇಸು. ತೊಳೆಯುವಾಗಲೂ ಇಲ್ಲಿ ಲೆಕ್ಕವಿದೆ: ಬಹರೈನ್‌ನ ನಲ್ಲಿಯಲ್ಲಿ ಬರುವುದು ಬಹುಪಾಲು ಸಮುದ್ರದ ನೀರಿನಿಂದ ಉಪ್ಪು ತೆಗೆದು ಸಿಹಿ ಮಾಡಿದ ನೀರು. ನಮ್ಮ ಪಕ್ಕದ ಹಿದ್ದ್‌ನ ಸ್ಥಾವರ ನೈಸರ್ಗಿಕ ಅನಿಲ ಸುಟ್ಟು ಈ ಕೆಲಸ ಮಾಡುತ್ತದೆ. ನಲ್ಲಿ ತೆರೆದಿಟ್ಟು ತೊಳೆದರೆ ಉಳಿಸಿದ್ದರಲ್ಲಿ ಒಂದಷ್ಟು ಅಲ್ಲಿಯೇ ಹೋಯಿತು. ಟಬ್ಬಿನಲ್ಲಿ ನೀರು ಹಿಡಿದು ತೊಳೆಯಬೇಕು.

ಕ್ಯಾರಿಯರ್ ಹಿಡಿದು ಹೋದರೆ ಹೋಟೆಲಿನವರು ತುಂಬಿಸಿ ಕೊಡುತ್ತಾರೆಯೇ? ಹಲವರು ಹಿಂಜರಿಯುತ್ತಾರೆ. ಜಿಪುಣತನ ಕಾರಣವಲ್ಲ. ಒಂದು, ನಿಮ್ಮ ಪಾತ್ರೆ ಶುಚಿಯಾಗಿಲ್ಲದೆ ಹೊಟ್ಟೆ ಕೆಟ್ಟರೆ ದೂರು ಅವರ ಮೇಲೆ ಬರುತ್ತದೆ. ಇನ್ನೊಂದು, ನಾವು ಸಾಮಾನ್ಯವಾಗಿ ಗಮನಿಸದ ಕಾರಣ: ಅಡುಗೆಯವನಿಗೆ ಡಬ್ಬಿಯೇ ಅಳತೆ! ಅರ್ಧ ಲೀಟರ್ ಡಬ್ಬಿ ತುಂಬಿದರೆ ಒಂದು ಪ್ಲೇಟ್. ನಿಮ್ಮ ಉದ್ದ ಕ್ಯಾರಿಯರ್ ಕಂಡರೆ ಅವನಿಗೆ ಗೊಂದಲವಾಗುವುದು ಸಹಜ. ಒಣಗಿದ, ಬಾಯಿ ಅಗಲವಾದ, ಅಳತೆ ಗೊತ್ತಿರುವ ಪಾತ್ರೆ ಒಯ್ಯಿರಿ, ಗಿರಾಕಿಗಳು ಮುತ್ತಿಕೊಳ್ಳುವ ಹೊತ್ತಿಗೆ ಮುಂಚೆ ಹೋಗಿ. ಎರಡನೆಯ ಸಲಕ್ಕೆ ಅವರೇ ಕೈ ಚಾಚುತ್ತಾರೆ. ಕರಕ್ ಅಂಗಡಿಯಲ್ಲಿ ಫ್ಲಾಸ್ಕ್ ತುಂಬಿಸಿಕೊಳ್ಳುವವರನ್ನು ನಾವೆಲ್ಲ ಕಂಡಿದ್ದೇವೆ, ಅಲ್ಲಿ ಯಾರೂ ಪ್ರಶ್ನಿಸುವುದಿಲ್ಲ. ತಿಂಗಳ ಲೆಕ್ಕದ ಮೆಸ್ ಊಟ ತರಿಸುವ ಬ್ರಹ್ಮಚಾರಿ ಮಿತ್ರರಿಗಂತೂ ಇದು ಇನ್ನೂ ಸುಲಭ. ಎರಡು ಕ್ಯಾರಿಯರ್ ಇಟ್ಟುಕೊಂಡರಾಯಿತು. ತುಂಬಿದ್ದು ಬಂದಾಗ ಖಾಲಿಯದು ಅದೇ ಹುಡುಗನ ಕೈಗೆ.

ಆ್ಯಪ್‌ನಲ್ಲಿ ತರಿಸುವ ಊಟಕ್ಕೆ ಮಾತ್ರ ಸದ್ಯ ಪೂರ್ಣ ಪರಿಹಾರ ಕಾಣುತ್ತಿಲ್ಲ. ಬೈಕಿನ ಸವಾರನಿಗೆ ಮರಳಿ ಬರಲು ಸಮಯವಿಲ್ಲ, ಅದಕ್ಕೆ ಅವನಿಗೆ ಕೂಲಿಯೂ ಇಲ್ಲ. ಜುಲೈ ತಿಂಗಳ ಬಿಸಿಲಲ್ಲಿ ನೀವೇ ನಡೆದು ಹೋಗಿ ತನ್ನಿ ಎಂದು ಹೇಳುವ ಧೈರ್ಯ ನಮಗೂ ಇಲ್ಲ! ಚಮಚ, ಸಾಸ್ ಬೇಡ ಎಂದು ಮೊದಲೇ ಬರೆದುಬಿಟ್ಟರೆ ಅಷ್ಟಾದರೂ ಕಡಿಮೆಯಾಗುತ್ತದೆ.

ಇನ್ನು ನಮ್ಮ ಸಮಾರಂಭಗಳ ಊಟ. 500 ಜನರ ಯುಗಾದಿ ಊಟಕ್ಕೆ ತಲಾ ಒಂದು ತಟ್ಟೆ, ಬಟ್ಟಲು, ಲೋಟ, ಚಮಚ ಎಂದರೂ 2,000 ವಸ್ತುಗಳು ಕಸಕ್ಕೆ. ಬೆಂಗಳೂರಿನಲ್ಲಿ ಅದಮ್ಯ ಚೇತನ ಸಂಸ್ಥೆ ಸಮಾರಂಭಗಳಿಗೆ ಸ್ಟೀಲ್ ತಟ್ಟೆ, ಲೋಟಗಳನ್ನು ಕೊಟ್ಟು ಮರಳಿ ಪಡೆಯುವ 'ಪ್ಲೇಟ್ ಬ್ಯಾಂಕ್' ಆರಂಭಿಸಿತು. ಇಲ್ಲಿನ ಕನ್ನಡ, ತುಳು, ಬ್ಯಾರಿ, ಕೊಂಕಣಿ ಸಂಘಟನೆಗಳೆಲ್ಲ ಸೇರಿ ಅಂಥದೊಂದನ್ನು ಇಟ್ಟುಕೊಳ್ಳಬಹುದು. ಎಲ್ಲರ ಹಬ್ಬವೂ ಒಂದೇ ದಿನ ಬರುವುದಿಲ್ಲವಲ್ಲ! ತಟ್ಟೆ ಕೊಳ್ಳುವುದು ಸುಲಭ. ಇಡುವ ಜಾಗ ಮತ್ತು ತೊಳೆಯುವವರ ಕೂಲಿ, ಇವೆರಡನ್ನು ಮೊದಲೇ ಬಜೆಟ್ಟಿನಲ್ಲಿ ಸೇರಿಸಬೇಕು.

ಕಾರ್ಮಿಕರ ಕ್ಯಾಂಪುಗಳಿಗೆ ನಾವು ಒಯ್ಯುವ ಅನ್ನದಾನದ ಊಟವನ್ನೂ ಹೀಗೆಯೇ ನೋಡಬಹುದು. ನೂರು ಡಬ್ಬಿಗಳಲ್ಲಿ ಹಂಚುವ ಬದಲು ನಾಲ್ಕು ದೊಡ್ಡ ಪಾತ್ರೆ, ಎರಡು ಸೌಟು ಒಯ್ದು ಬಡಿಸಿದರೆ ಅನ್ನ ಬಿಸಿಯಾಗಿರುತ್ತದೆ, ಬೇಕಾದವರಿಗೆ ಎರಡನೆಯ ಸಲವೂ ಸಿಗುತ್ತದೆ. ಕ್ಯಾಂಪಿನಲ್ಲಿ ಬಹುತೇಕರ ಬಳಿ ಸ್ವಂತ ತಟ್ಟೆ ಇದ್ದೇ ಇರುತ್ತದೆ. ಹಿಂದಿನ ದಿನ ಅಲ್ಲಿನ ಮೇಲ್ವಿಚಾರಕರಿಗೆ ಒಂದು ಫೋನ್ ಮಾಡಿ, ಎಲ್ಲರೂ ತಟ್ಟೆ ತರಲಿ ಎಂದು ತಿಳಿಸಿದರೆ ಸಾಕು.